ಎಲ್ಲಿ, ಯಾವಾಗ, ಎಷ್ಟು ನಂಬಬಹುದು: ಬೋರ್ಡ್‌ನಿಂದ ಬೋರ್ಡ್‌ಗೆ ಜಿಪಿಎಸ್

ಡ್ರೋನ್, ಬಸ್ಸಿನ ಟ್ರ್ಯಾಕರ್, ಚಾರಣಿಗರ ಪುಟ್ಟ ರೇಡಿಯೊ, ಹೊಲ ಅಳೆಯುವ ಯಂತ್ರ, ಎಲ್ಲದರೊಳಗೂ ಒಂದು ಕೊಡುಕೊಳ್ಳುವಿಕೆ ನಡೆಯುತ್ತಿರುತ್ತದೆ. ಒಂದು ಬೋರ್ಡ್ ಉಪಗ್ರಹಗಳ ಸಂಕೇತ ಹಿಡಿದು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಇನ್ನೊಂದು ಅದನ್ನು ಪಡೆದು ಬಳಸುತ್ತದೆ. ಈ ವಿನಿಮಯಕ್ಕೆ ನಾಲ್ಕು ದಶಕಗಳ ಇತಿಹಾಸವಿದೆ. ತಂತಿಯ ಜಾಗಕ್ಕೆ ರೇಡಿಯೊ ಬಂತು, ಉದ್ದನೆಯ ಸಾಲುಗಳು ಕೆಲವೇ ಬೈಟ್‌ಗಳಾದವು. ಆದರೆ ಪಡೆಯುವ ಬೋರ್ಡ್ ಕೇಳುವ ಪ್ರಶ್ನೆಗಳು ಇಂದಿಗೂ ಅವೇ ಮೂರು: ಎಲ್ಲಿ, ಯಾವಾಗ, ಎಷ್ಟು ನಂಬಬಹುದು?

ಕಥೆ ಶುರುವಾಗುವುದು ಸಮುದ್ರದಲ್ಲಿ. ಮೊದಲ ಜಿಪಿಎಸ್ ಉಪಗ್ರಹ ಹಾರಿದ್ದು 1978ರಲ್ಲಿ. ಹಡಗಿನ ಉಪಕರಣಗಳು ಪರಸ್ಪರ ಮಾತಾಡಲು ಅಮೆರಿಕದ ನ್ಯಾಷನಲ್ ಮರೀನ್ ಎಲೆಕ್ಟ್ರಾನಿಕ್ಸ್ ಅಸೋಸಿಯೇಷನ್ 1983ರಲ್ಲಿ ಎನ್‌ಎಂಇಎ 0183 ಎಂಬ ಮಾನಕ ತಂದಿತು. ಒಬ್ಬ ಹೇಳಬೇಕು, ಎಷ್ಟು ಜನ ಬೇಕಾದರೂ ಕೇಳಬಹುದು. ವೇಗ 4800 ಬಾಡ್. ಸಾಲು ಡಾಲರ್ ಚಿಹ್ನೆಯಿಂದ ಶುರುವಾಗಿ 82 ಅಕ್ಷರ ಮೀರದಂತೆ ಮುಗಿಯಬೇಕು. ದಾರಿಯಲ್ಲಿ ಏನಾದರೂ ಕೆಟ್ಟಿದೆಯೇ ಎಂದು ನೋಡಲು ಕೊನೆಯಲ್ಲಿ ಚೆಕ್‌ಸಮ್. ಇಂದಿಗೂ ಬಹುತೇಕ ಅಗ್ಗದ ಜಿಪಿಎಸ್ ಮಾಡ್ಯೂಲ್‌ಗಳು ಹೊರಹಾಕುವ ಆರ್‌ಎಂಸಿ ಸಾಲಿನಲ್ಲಿ ಸಮಯ, ದಿನಾಂಕ, ಅಕ್ಷಾಂಶ, ರೇಖಾಂಶ, ವೇಗಗಳ ಜತೆ ಒಂದು ಅಕ್ಷರವೂ ಇರುತ್ತದೆ: 'ಎ' ಇದ್ದರೆ ಸ್ಥಾನ ನಂಬಬಹುದು, 'ವಿ' ಇದ್ದರೆ ನಂಬಬಾರದು. ಮೂರೂ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇತ್ತು.

ಈ ಸಾಲಿನಲ್ಲೊಂದು ಬಲೆಯೂ ಇದೆ. ಬೆಂಗಳೂರಿನ ಅಕ್ಷಾಂಶ 12.9716 ಡಿಗ್ರಿ ಎಂದಿಟ್ಟುಕೊಳ್ಳಿ. ಎನ್‌ಎಂಇಎ ಅದನ್ನು 1258.2960 ಎಂದು ಬರೆಯುತ್ತದೆ; ಅಂದರೆ 12 ಡಿಗ್ರಿ, 58.2960 ನಿಮಿಷ. ರೇಖಾಂಶ 77.5946 ಅಲ್ಲಿ 07735.6760 ಆಗುತ್ತದೆ. ನಿಮಿಷವನ್ನು 60ರಿಂದ ಭಾಗಿಸುವುದು ಮರೆತು ಸುಮ್ಮನೆ ಚುಕ್ಕೆ ಸರಿಸಿದರೆ 12.5830, 77.3568 ಸಿಗುತ್ತದೆ. ಬೆಂಗಳೂರಿನಲ್ಲಿ ನಿಂತ ವಾಹನ ಸುಮಾರು 50 ಕಿಲೋಮೀಟರ್ ನೈಋತ್ಯಕ್ಕೆ, ಕನಕಪುರದ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ನಕ್ಷೆಯಲ್ಲಿ ಅದೂ ನಿಜವಾದ ಊರೇ ಆದ್ದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಸ್ಥಾನವನ್ನು ಗಾಳಿಗೆ ತಂದವರು ಹ್ಯಾಮ್ ರೇಡಿಯೊದವರು. ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರುನಿಂಗಾ 1980ರ ದಶಕದಿಂದ ಬೆಳೆಸುತ್ತ ಬಂದ ವ್ಯವಸ್ಥೆ 1990ರ ದಶಕದಲ್ಲಿ ಎಪಿಆರ್‌ಎಸ್ ಹೆಸರಿನಲ್ಲಿ ಹರಡಿತು. 1200 ಬಾಡ್‌ನ ಪ್ಯಾಕೆಟ್ ರೇಡಿಯೊದಲ್ಲಿ ಪ್ರತಿ ಠಾಣೆಯೂ ತನ್ನ ಸ್ಥಾನ ಸಾರುತ್ತಿತ್ತು, ನಡುವಿನ ರಿಪೀಟರ್‌ಗಳು ಅದನ್ನು ಮುಂದೆ ದಾಟಿಸುತ್ತಿದ್ದವು. ಬೋರ್ಡ್‌ನಿಂದ ಬೋರ್ಡ್‌ಗೆ ಸಂದೇಶ ದಾಟಿಸುವ ಇಂದಿನ ಮೆಶ್ ಜಾಲಗಳಲ್ಲೂ ಇದೇ ಕಲ್ಪನೆ ಇದೆ.

2000ದ ಮೇ ತಿಂಗಳಲ್ಲಿ ಅಮೆರಿಕ ನಾಗರಿಕ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. 100 ಮೀಟರ್ ಆಸುಪಾಸಿನಲ್ಲಿದ್ದ ತಪ್ಪು 20 ಮೀಟರ್‌ಗೂ ಕೆಳಗಿಳಿಯಿತು. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಕಲಿಯುವವರಿಗೂ ಸುಲಭವಾದ ಆರ್ಡುಯಿನೊ ಬೋರ್ಡ್ ಹುಟ್ಟಿತು. ಮುಂದೆ ಮಿಕಲ್ ಹಾರ್ಟ್ ಬರೆದ ಟೈನಿಜಿಪಿಎಸ್ ಲೈಬ್ರರಿ, ಸ್ವಿಸ್ ಕಂಪನಿ ಯು-ಬ್ಲಾಕ್ಸ್‌ನ ನಿಯೊ-6ಎಂ ಮಾಡ್ಯೂಲ್ ಸೇರಿ ಈ ಕೆಲಸ ಕಾಲೇಜು ಪ್ರಾಜೆಕ್ಟ್‌ಗಳ ಮಟ್ಟಕ್ಕೆ ಇಳಿಯಿತು. ಹಳೆಯ ಎಚ್ಚರ ತಪ್ಪಿದ್ದೂ ಇಲ್ಲೇ. ಆರ್ಡುಯಿನೊದ ಉನೊ ಬೋರ್ಡ್‌ನಲ್ಲಿರುವುದು 2 ಕಿಲೋಬೈಟ್ ರ‍್ಯಾಮ್. ಜಾಗ ಉಳಿಸಲು ಅಕ್ಷಾಂಶ, ರೇಖಾಂಶ ಎರಡನ್ನೇ ಕಳಿಸಿ ಉಳಿದದ್ದನ್ನು ಬಿಟ್ಟವರು ಅನೇಕರು. ಉಪಗ್ರಹ ಸಿಗದಾಗ ಆ ಎರಡರ ಜಾಗದಲ್ಲೂ ಸೊನ್ನೆ ಹೋಗುವುದುಂಟು, ಆಗ ನಕ್ಷೆ ವಾಹನವನ್ನು ಆಫ್ರಿಕಾದ ಪಕ್ಕದ ಗಿನಿ ಕೊಲ್ಲಿಯಲ್ಲಿ ತೋರಿಸುತ್ತದೆ. ಇನ್ನೂ ಕೆಟ್ಟದ್ದೆಂದರೆ, ಹತ್ತು ನಿಮಿಷ ಹಿಂದಿನ ಸ್ಥಾನ ಈಗಿನದೆಂಬಂತೆ ಮತ್ತೆ ಮತ್ತೆ ಬರುವುದು.

ಭಿನ್ನ ಜಾತಿಯ ಬೋರ್ಡ್‌ಗಳು ಎದುರಾದಾಗ ಇನ್ನೊಂದು ಪೇಚು. 'ಡಬಲ್' ಎಂದು ಬರೆದ ಸಂಖ್ಯೆ ಉನೊದಲ್ಲಿ 4 ಬೈಟ್, ಇಎಸ್‌ಪಿ32 ಬೋರ್ಡ್‌ನಲ್ಲಿ 8 ಬೈಟ್. ಒಂದರ ಮೆಮೊರಿಯನ್ನು ಇದ್ದ ಹಾಗೇ ಇನ್ನೊಂದಕ್ಕೆ ಕಳಿಸಿದರೆ ಅಲ್ಲಿ ಸಿಗುವುದು ಕಸ. 2009ರಲ್ಲಿ ಜ್ಯೂರಿಕ್‌ನ ಇಟಿಎಚ್‌ನಲ್ಲಿದ್ದ ಲೊರೆಂಜ್ ಮಾಯರ್ ಡ್ರೋನ್‌ಗಳಿಗಾಗಿ ಶುರುಮಾಡಿದ ಮ್ಯಾವ್‌ಲಿಂಕ್‌ನಲ್ಲಿ ಇದಕ್ಕೆ ಸರಳ ಉಪಾಯವಿದೆ: ಡಿಗ್ರಿಯನ್ನು ಒಂದು ಕೋಟಿಯಿಂದ ಗುಣಿಸಿ ಪೂರ್ಣಾಂಕವಾಗಿ ಕಳಿಸುವುದು. 180 ಡಿಗ್ರಿ 180 ಕೋಟಿಯಾದರೂ 32 ಬಿಟ್‌ನಲ್ಲಿ ಹಿಡಿಸುತ್ತದೆ. ಒಂದು ಅಂಕಿಯ ವ್ಯತ್ಯಾಸ ನೆಲದ ಮೇಲೆ ಸುಮಾರು ಒಂದು ಸೆಂಟಿಮೀಟರ್. ಸಮಯ ಮತ್ತು ಗುಣಮಟ್ಟದ ಕಲಂಗಳೂ ಇಲ್ಲಿ ಮರಳಿ ಬಂದವು.

ಬೈಟ್‌ಗಳಲ್ಲಿನ ಈ ಜಿಪುಣತನದ ಬೆಲೆ ತಿಳಿದದ್ದು ಲೋರಾ ಎಂಬ ರೇಡಿಯೊ ತಂತ್ರ ಬಂದಾಗ. ಫ್ರಾನ್ಸಿನ ಸೈಕ್ಲಿಯೊ ರೂಪಿಸಿದ ಈ ತಂತ್ರವನ್ನು 2012ರಲ್ಲಿ ಸೆಮ್‌ಟೆಕ್ ಕೊಂಡಿತು. ಕಡಿಮೆ ಶಕ್ತಿಯಲ್ಲಿ ಕಿಲೋಮೀಟರ್‌ಗಟ್ಟಲೆ ದೂರ ಹೋಗುತ್ತದೆ, ಆದರೆ ಬಹಳ ನಿಧಾನ. ಅದರ ಅತಿ ದೂರದ ಸೆಟಿಂಗ್‌ನಲ್ಲಿ 80 ಅಕ್ಷರದ ಎನ್‌ಎಂಇಎ ಸಾಲಿಗೆ ಮೂರು ಸೆಕೆಂಡಿಗೂ ಹೆಚ್ಚು ಬೇಕು. ಬೇಕಾದ್ದನ್ನಷ್ಟೇ ಅಡಕಿದ 14 ಬೈಟ್‌ನ ಪ್ಯಾಕೆಟ್‌ಗೆ ಸುಮಾರು ಒಂದು ಸೆಕೆಂಡ್ ಸಾಕು. ಒಂದೇ ತರಂಗಾಂತರದಲ್ಲಿ ಹತ್ತಾರು ಬೋರ್ಡ್‌ಗಳಿದ್ದರೆ ಈ ವ್ಯತ್ಯಾಸವೇ ಜಾಲದ ಅಳಿವು ಉಳಿವು. 2020ರಲ್ಲಿ ಶುರುವಾದ ಮೆಶ್‌ಟಾಸ್ಟಿಕ್ ಯೋಜನೆ ಲೋರಾ ತಳಹದಿಯ ಮೇಲೆಯೇ ನಿಂತಿದೆ: ಮೊಬೈಲ್ ಟವರ್ ಇಲ್ಲದ ಕಾಡಿನಲ್ಲೂ ಬೋರ್ಡ್‌ಗಳು ಒಂದರ ಸ್ಥಾನವನ್ನು ಇನ್ನೊಂದು ದಾಟಿಸುತ್ತವೆ.

ಹತ್ತಿರದ ಕೆಲಸಕ್ಕೆ ಬೇರೆ ದಾರಿಗಳಿವೆ. ಒಂದೇ ಪೆಟ್ಟಿಗೆಯೊಳಗೆ ತಂತಿಯ ಮೇಲೆ ಯುಎಆರ್‌ಟಿ ಅಥವಾ ಕ್ಯಾನ್ ಬಸ್. ಒಂದೇ ಅಂಗಳದಲ್ಲಿ ಚಿಕ್ಕ ಪ್ಯಾಕೆಟ್‌ಗಳನ್ನು ಒಯ್ಯುವ ಇಎಸ್‌ಪಿ-ನೌ. ಇಂಟರ್‌ನೆಟ್ ಇದ್ದಲ್ಲಿ 1999ರಲ್ಲಿ ರೂಪುಗೊಂಡ ಎಂಕ್ಯೂಟಿಟಿ. ಇನ್ನು ಆರ್‌ಟಿಕೆ ಎಂಬ ಅತಿ ನಿಖರ ವಿಧಾನದಲ್ಲಿ ಹಂಚುವುದು ಸ್ಥಾನಕ್ಕಿಂತ ಮುಖ್ಯವಾಗಿ ತಿದ್ದುಪಡಿಗೆ ಬೇಕಾದ ಅಳತೆಗಳನ್ನು: ನೆಲೆ ಗೊತ್ತಿರುವ ಬೋರ್ಡ್ ಅವನ್ನು ಕಳಿಸುತ್ತದೆ, ಚಲಿಸುವ ಬೋರ್ಡ್ ತನ್ನ ತಪ್ಪನ್ನು ಕೆಲವೇ ಸೆಂಟಿಮೀಟರ್‌ಗೆ ಇಳಿಸಿಕೊಳ್ಳುತ್ತದೆ. ಭಾರತದಲ್ಲಿ ಸಾರ್ವಜನಿಕ ಸೇವಾ ವಾಹನಗಳ ಟ್ರ್ಯಾಕರ್‌ಗಳಿಗೆ ಎಐಎಸ್-140 ಎಂಬ ಮಾನಕವಿದೆ. ಬೆಂಗಳೂರಿನ ಇಸ್ರೊ ನಡೆಸುವ ನಾವಿಕ್ ಉಪಗ್ರಹಗಳ ಸಂಕೇತ ಬಳಸಿ ಲೆಕ್ಕ ಹಾಕಿದ ಸ್ಥಾನವೂ ಅದೇ ಎನ್‌ಎಂಇಎ ಸಾಲುಗಳಲ್ಲೇ ಹೊರಬರುತ್ತದೆ.

ಹೊಸದಾಗಿ ಪ್ರಾಜೆಕ್ಟ್ ಕಟ್ಟುವವರಿಗೆ ಈ ಇತಿಹಾಸದಿಂದ ಸಿಗುವ ಸೂತ್ರ ಚಿಕ್ಕದು. ಅಕ್ಷಾಂಶಕ್ಕೆ 4 ಬೈಟ್, ರೇಖಾಂಶಕ್ಕೆ 4, ಸಮಯಕ್ಕೆ 4, ಗುಣಮಟ್ಟಕ್ಕೆ 1, ಬೋರ್ಡ್‌ನ ಗುರುತಿಗೆ 1: ಒಟ್ಟು 14. ಉಪಗ್ರಹ ಸಿಗದಿದ್ದರೆ ಸೊನ್ನೆ ಕಳಿಸಬೇಡಿ, ಸಿಕ್ಕಿಲ್ಲವೆಂದೇ ಕಳಿಸಿ. ರೇಡಿಯೊದಲ್ಲಿ ಬಿಟ್ಟ ಸ್ಥಾನವನ್ನು ಯಾರು ಬೇಕಾದರೂ ಕೇಳಬಹುದು. ಆದ್ದರಿಂದ ಗುಪ್ತ ಕೀಲಿ ಹಾಕಿ, ಅಗತ್ಯವಿಲ್ಲದಲ್ಲಿ ನಿಖರತೆಯನ್ನು ಕಡಿಮೆ ಮಾಡಿ.