ಗಜಕರ್ಣ ರೋಗವುಳ್ಳ ಬೆಕ್ಕನ್ನು ಮನೆಯಲ್ಲಿ ಪ್ರತ್ಯೇಕವಾಗಿರಿಸಿ ಪಾಲನೆ ಮಾಡುವ ಕ್ರಮ

ಸಾಕು ಬೆಕ್ಕುಗಳಿಗೆ ತಗಲುವ ಚರ್ಮರೋಗಗಳ ಪೈಕಿ ಗಜಕರ್ಣವು ಮನುಷ್ಯರಿಗೂ ಹರಡಬಲ್ಲ ಸಾಂಕ್ರಾಮಿಕ ರೋಗವಾಗಿದೆ. ಆಡುಮಾತಿನಲ್ಲಿ ಇದನ್ನು ಹುಳುಕಡ್ಡಿ ಎನ್ನುವರಾದರೂ ಇದಕ್ಕೆ ಕಾರಣ ಯಾವುದೇ ಹುಳುವಲ್ಲ. ಬಹುತೇಕ ಸಂದರ್ಭಗಳಲ್ಲಿ ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಶಿಲೀಂಧ್ರ. ರೋಗ ಪತ್ತೆಯಾದ ಕೂಡಲೇ ಬೆಕ್ಕನ್ನು ಸ್ನಾನಗೃಹದಲ್ಲಿಯೋ ಇಕ್ಕಟ್ಟಾದ ಪಂಜರದಲ್ಲಿಯೋ ವಾರಗಟ್ಟಲೆ ಕೂಡಿಹಾಕುವುದು ಅಥವಾ ಹೆದರಿ ದೂರದ ಬೀದಿಯಲ್ಲಿ ಬಿಟ್ಟುಬರುವುದು ಉಂಟು. ಇವೆರಡೂ ಅನಗತ್ಯ. ಗಜಕರ್ಣವು ಗುಣವಾಗುವ ರೋಗ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೇ ಪ್ರಕರಣದನ್ವಯ, ಅನ್ನ ನೀರಿಲ್ಲದೆ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತ್ಯಜಿಸುವುದು ಹಾಗೂ ಚಲನವಲನಕ್ಕೆ ಸಾಲದ ಪಂಜರದಲ್ಲಿ ಇಡುವುದು ಅಪರಾಧಗಳಾಗಿರುತ್ತವೆ.

ರೋಗ ಲಕ್ಷಣಗಳು ಮತ್ತು ತಪಾಸಣೆ

ಮುಖ, ಕಿವಿ ಹಾಗೂ ಮುಂಗಾಲುಗಳ ಮೇಲೆ ಕೂದಲುದುರಿದ, ಹೊಟ್ಟಿನಂತಹ ಪದರವುಳ್ಳ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಪರ್ಷಿಯನ್ ಮುಂತಾದ ಉದ್ದ ಕೂದಲಿನ ತಳಿಗಳಲ್ಲಿ ಹೊರಲಕ್ಷಣವೇ ಇಲ್ಲದಿರಬಹುದು. ಸೋಂಕು ತಗಲಿದ ಒಂದರಿಂದ ಮೂರು ವಾರಗಳಲ್ಲಿ ಲಕ್ಷಣಗಳು ತೋರುತ್ತವೆ. ಮನೆಯಲ್ಲಿ ಯಾರಿಗಾದರೂ, ವಿಶೇಷವಾಗಿ ಮಕ್ಕಳಿಗೆ, ತುರಿಕೆಯುಳ್ಳ ದುಂಡನೆಯ ಕೆಂಪು ಗುರುತು ಕಂಡುಬಂದಲ್ಲಿ ವೈದ್ಯರನ್ನು ಕಾಣಬೇಕು ಮತ್ತು ಮನೆಯಲ್ಲಿ ಬೆಕ್ಕು ಇರುವ ಸಂಗತಿಯನ್ನು ಅವರಿಗೆ ತಿಳಿಸಬೇಕು.

ಬೆಕ್ಕನ್ನು ಪಶು ಆಸ್ಪತ್ರೆಗೆ ತರುವಾಗ ಮುಚ್ಚಳವಿರುವ ಬುಟ್ಟಿ ಅಥವಾ ಪೆಟ್ಟಿಗೆಯಲ್ಲಿ ತರುವುದು. ಚೀಟಿ ಮಾಡಿಸುವಾಗಲೇ ಅಂಟು ಚರ್ಮರೋಗದ ಶಂಕೆ ಇದೆಯೆಂದು ತಿಳಿಸಿದಲ್ಲಿ ಇತರ ಪ್ರಾಣಿಗಳಿಂದ ದೂರ ಕುಳ್ಳಿರಿಸಲು ಅನುಕೂಲವಾಗುತ್ತದೆ. ಲಸಿಕೆ ಕಾರ್ಡ್ ಮತ್ತು ಹಿಂದಿನ ಔಷಧ ಚೀಟಿಗಳನ್ನು ಜೊತೆಗೆ ತರತಕ್ಕದ್ದು. ತಪಾಸಣೆಗೆ ಮೊದಲು ಯಾವುದೇ ಮುಲಾಮು ಹಚ್ಚಬಾರದು. ಮನುಷ್ಯರ ಗಜಕರ್ಣಕ್ಕೆ ಮಾರುವ ಮುಲಾಮುಗಳಲ್ಲಿ ಕೆಲವು ಸ್ಯಾಲಿಸಿಲಿಕ್ ಆಮ್ಲವನ್ನು ಹೊಂದಿದ್ದು, ಮೈ ನೆಕ್ಕಿಕೊಳ್ಳುವ ಬೆಕ್ಕಿಗೆ ಅಪಾಯಕಾರಿ. ಮನೆಯಲ್ಲಿಯೇ ಕೂದಲು ಬೋಳಿಸುವುದೂ ಸಲ್ಲದು. ಚರ್ಮದ ಮೇಲಾಗುವ ಸೂಕ್ಷ್ಮ ಗಾಯಗಳಿಂದ ರೋಗ ಹರಡುತ್ತದೆ. ವುಡ್ಸ್ ದೀಪದ ಕೆಳಗೆ ಸೋಂಕಿತ ಕೂದಲು ಹಸಿರಾಗಿ ಹೊಳೆಯಬಹುದು. ಹೊಳೆಯದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು. ಕೂದಲಿನ ಕಲ್ಚರ್ ಪರೀಕ್ಷೆಯ ವರದಿಗೆ ಎರಡರಿಂದ ಮೂರು ವಾರ ಹಿಡಿಯಬಹುದು.

ಪ್ರತ್ಯೇಕ ಕೊಠಡಿಯ ಆಯ್ಕೆ

ಚಿಕಿತ್ಸೆಯು ಹಲವು ವಾರ, ಕೆಲವೊಮ್ಮೆ ಎರಡು ತಿಂಗಳಿಗೂ ಮಿಕ್ಕಿ ನಡೆಯುತ್ತದೆ. ಈ ರೋಗದಲ್ಲಿ ಬೆಕ್ಕಿಗೆ ಸಾಮಾನ್ಯವಾಗಿ ಜ್ವರವಿಲ್ಲ, ನಿಶ್ಶಕ್ತಿಯಿಲ್ಲ. ಆಡುವ, ಏರುವ, ಬೇಟೆಯಾಡುವ ಬಯಕೆ ಎಂದಿನಂತೆಯೇ ಇರುತ್ತದೆ. ಆದುದರಿಂದ ರೋಗಿಗಿಂತ ಆರೋಗ್ಯವಂತ ಪ್ರಾಣಿಯನ್ನೇ ಕೂಡಿಹಾಕಿದಂತಾಗುತ್ತದೆ ಎಂಬುದನ್ನು ಗಮನದಲ್ಲಿರಿಸಿಕೊಂಡು ಸ್ಥಳವನ್ನು ಆಯ್ದುಕೊಳ್ಳಬೇಕು.

ಸ್ನಾನಗೃಹವು ತೇವ, ಕತ್ತಲೆ ಹಾಗೂ ಸೋಪು, ಆಮ್ಲಗಳ ಕಾರಣದಿಂದ ಸೂಕ್ತವಲ್ಲ. ಟೈಲ್ಸ್, ಮೊಸಾಯಿಕ್ ಅಥವಾ ಕೆಂಪು ಗಾರೆಯ ನೆಲವುಳ್ಳ, ಜಾಲರಿ ಹಾಕಿದ ಕಿಟಕಿಯಿರುವ ಕೊಠಡಿ ಉತ್ತಮ. ರತ್ನಗಂಬಳಿ, ಹತ್ತಿಯ ಹಾಸಿಗೆ, ಪರದೆಗಳನ್ನು ಮೊದಲೇ ತೆಗೆದಿಡಬೇಕು. ಒಂದೇ ಕೋಣೆಯ ಮನೆಯಾದಲ್ಲಿ ನಿಂತು ಮೈಮುರಿಯಲು, ನಡೆದಾಡಲು ಸಾಕಾಗುವ ದೊಡ್ಡ ಪಂಜರವನ್ನು ಚಿಕ್ಕ ಮಕ್ಕಳು ಮನೆಯಲ್ಲಿರುವ ವೇಳೆಯಲ್ಲಿ ಮಾತ್ರ ಬಳಸಿ, ಉಳಿದ ವೇಳೆ ಹೊರಗೆ ಬಿಡುವುದು ಲೇಸು.

ಬೆಕ್ಕಿಗೆ ಎತ್ತರ ಬೇಕು. ಕಿಟಕಿಯ ಬಳಿ ಒರೆಸಲು ಬರುವ ಮರದ ಸ್ಟೂಲ್ ಅಥವಾ ಪ್ಲಾಸ್ಟಿಕ್ ಕುರ್ಚಿ ಇರಿಸಿದರೆ ಹಕ್ಕಿ, ಅಳಿಲುಗಳನ್ನು ನೋಡುತ್ತಾ ದಿನದ ಬಹುಭಾಗ ಕಳೆಯುತ್ತದೆ. ಅಡಗಿ ಕೂರಲು ರಟ್ಟಿನ ಪೆಟ್ಟಿಗೆ ಸಾಕು. ಕಾಸು ಕೊಟ್ಟು ತಂದ ಹಾಸಿಗೆಗಿಂತ ಅದನ್ನೇ ಬೆಕ್ಕು ಮೆಚ್ಚುವುದು ಸಾಮಾನ್ಯ, ವಾರಕ್ಕೊಮ್ಮೆ ಬದಲಾಯಿಸಲೂ ಸುಲಭ. ಉಗುರು ಕೆರೆಯಲು ಗೋಣಿಚೀಲದ ತುಂಡು ಸುತ್ತಿದ ಮರದ ಹಲಗೆ ಒದಗಿಸಬಹುದು. ಮರಳಿನ ಟ್ರೇಯನ್ನು ಊಟ, ನೀರಿನ ತಟ್ಟೆಗಳಿಂದ ದೂರದ ಮೂಲೆಯಲ್ಲಿ ಇಡಬೇಕು.

ಒಡನಾಟ

ಕೊಠಡಿಯಷ್ಟೇ ಮುಖ್ಯವಾದುದು ಮನುಷ್ಯರ ಒಡನಾಟ. ಆರೋಗ್ಯವಂತ ವಯಸ್ಕರೊಬ್ಬರು ಇದರ ಹೊಣೆ ಹೊರಬೇಕು. ಗರ್ಭಿಣಿಯರು, ವೃದ್ಧರು, ಎಳೆಯ ಮಕ್ಕಳು ಹಾಗೂ ರೋಗನಿರೋಧಕ ಶಕ್ತಿ ಕುಂದಿದವರು ಸ್ಪರ್ಶಿಸದಿರುವುದು ಕ್ಷೇಮ. ಕೊಠಡಿಗೆಂದೇ ಉದ್ದ ತೋಳಿನ ಹಳೆಯ ಅಂಗಿಯೊಂದನ್ನು ಬಾಗಿಲ ಬಳಿ ತೂಗುಹಾಕಿ, ಒಳಹೋಗುವಾಗ ಧರಿಸಿ, ಬರುವಾಗ ಕಳಚಿ, ಸೋಪಿನಿಂದ ಕೈತೊಳೆದುಕೊಂಡರೆ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಅಡ್ಡಿಯಿಲ್ಲ. ದಿನಕ್ಕೊಮ್ಮೆ ಒಂದು ಗಂಟೆ ಕೂರುವುದಕ್ಕಿಂತ, ನಿಗದಿತ ವೇಳೆಗಳಲ್ಲಿ ನಾಲ್ಕೈದು ಬಾರಿ ಹತ್ತು ಹದಿನೈದು ನಿಮಿಷ ಹೋಗುವುದು ಮೇಲು. ಕೋಲಿಗೆ ಕಟ್ಟಿದ ದಾರ, ಕಾಗದದ ಉಂಡೆ ಆಟಕ್ಕೆ ಸಾಕಾಗುತ್ತವೆ. ಆದರೆ ದಾರ ನುಂಗುವ ಅಪಾಯವಿರುವುದರಿಂದ ಆಟ ಮುಗಿದ ಮೇಲೆ ಅದನ್ನು ಅಲ್ಲಿ ಬಿಟ್ಟುಬರಬಾರದು. ಔಷಧ ಕೊಡುವ ಭೇಟಿಯನ್ನು ಆಟದ ಭೇಟಿಯಿಂದ ಬೇರೆಯಾಗಿರಿಸಿದಲ್ಲಿ, ಬಾಗಿಲ ಸದ್ದಿಗೇ ಬೆಕ್ಕು ಬಚ್ಚಿಟ್ಟುಕೊಳ್ಳುವುದು ತಪ್ಪುತ್ತದೆ.

ಮರಿಗಳ ವಿಷಯದಲ್ಲಿ ವಿಶೇಷ ಎಚ್ಚರ ಅವಶ್ಯ. ಸುಮಾರು ಎರಡರಿಂದ ಏಳು ವಾರಗಳ ವಯಸ್ಸಿನಲ್ಲಿ ಮರಿಯು ಮನುಷ್ಯರನ್ನು ನಂಬಲು ಕಲಿಯುತ್ತದೆ. ಆ ಅವಧಿಯನ್ನು ಒಂಟಿಯಾಗಿ ಕಳೆದ ಮರಿ, ರೋಗ ವಾಸಿಯಾದ ನಂತರವೂ ಬಹುಕಾಲ ಅಂಜುಬುರುಕವಾಗಿ ಉಳಿಯಬಹುದು. ಮಚ್ಚೆಗಳು ಮಾಯುತ್ತವೆ, ಈ ಅಂಜಿಕೆ ಅಷ್ಟು ಸುಲಭವಾಗಿ ಮಾಯುವುದಿಲ್ಲ. ಸೋಂಕಿತ ಮರಿಗಳನ್ನು ತಾಯಿ ಹಾಗೂ ಒಡಹುಟ್ಟಿದ ಮರಿಗಳೊಂದಿಗೆ ಒಟ್ಟಿಗೆ ಇರಿಸಿ, ಎಲ್ಲವಕ್ಕೂ ಏಕಕಾಲದಲ್ಲಿ ಚಿಕಿತ್ಸೆ ಕೊಡಿಸಿ, ಪ್ರತಿದಿನ ಕೈಯಲ್ಲಿ ಎತ್ತಿ ಆಡಿಸತಕ್ಕದ್ದು.

ಆಹಾರ ಮತ್ತು ಔಷಧ

ಇಟ್ರಾಕೊನಜೋಲ್ ಮುಂತಾದ ಔಷಧಗಳನ್ನು ಪಶುವೈದ್ಯಾಧಿಕಾರಿಗಳು ಸೂಚಿಸಿದ ಪ್ರಮಾಣದಲ್ಲಿಯೇ ನೀಡಬೇಕು. ಇದರೊಂದಿಗೆ ಮೈಗೆ ಹಚ್ಚುವ ದ್ರಾವಣ ಅಥವಾ ಶಾಂಪೂವನ್ನು ಸಾಮಾನ್ಯವಾಗಿ ವಾರಕ್ಕೆ ಎರಡು ಬಾರಿ ಬಳಸಲು ತಿಳಿಸಲಾಗುತ್ತದೆ. ಬೆಕ್ಕು ಗರ್ಭ ಧರಿಸಿದ್ದರೆ ಮುಂಚಿತವಾಗಿ ತಿಳಿಸುವುದು ಕಡ್ಡಾಯ. ಬರಿಯ ಹಾಲು ಅನ್ನ ಬೆಕ್ಕಿಗೆ ಪೂರ್ಣ ಆಹಾರವಲ್ಲ. ಮಾಂಸ, ಮೀನು ಅಥವಾ ಸಿದ್ಧ ಆಹಾರ ಅವಶ್ಯ. ಆಹಾರದ ಒಂದಷ್ಟು ಪಾಲನ್ನು ಕಾಗದದಲ್ಲಿ ಸಡಿಲವಾಗಿ ಸುತ್ತಿ ಕೊಠಡಿಯ ಅಲ್ಲಲ್ಲಿ ಇಟ್ಟರೆ ಹುಡುಕಿ ತಿನ್ನುವುದೇ ಒಂದು ಕೆಲಸವಾಗುತ್ತದೆ.

ಶುಚಿತ್ವ

ಶಿಲೀಂಧ್ರದ ಬೀಜಕಣಗಳು ಉದುರಿದ ಕೂದಲಿನಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಉಳಿಯಬಲ್ಲವು. ಆದ್ದರಿಂದ ಕೂದಲನ್ನು ತೆಗೆಯುವುದೇ ಮುಖ್ಯ ಕೆಲಸ. ಒಣ ಪೊರಕೆಯಿಂದ ಗುಡಿಸಿದರೆ ಕೂದಲು ಹಾರುವುದರಿಂದ ಒದ್ದೆ ಬಟ್ಟೆಯಿಂದ ಒರೆಸಿ, ಸೋಪಿನ ನೀರಿನಿಂದ ತೊಳೆದು, ನಂತರ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಬೇಕು. ನೆಲ ಒಣಗುವವರೆಗೆ ಬೆಕ್ಕನ್ನು ಬೇರೆಡೆ ಇರಿಸುವುದು. ಬ್ಲೀಚ್‌ನೊಂದಿಗೆ ಆಮ್ಲ ಅಥವಾ ಬೇರೆ ದ್ರಾವಣವನ್ನು ಬೆರೆಸಬಾರದು; ಮರಳಿನ ಟ್ರೇಯಲ್ಲಿನ ಮೂತ್ರವನ್ನು ನೀರಿನಿಂದ ತೊಳೆದ ನಂತರವೇ ಬ್ಲೀಚ್ ಬಳಸಬೇಕು. ಫಿನಾಯಿಲ್ ಬೆಕ್ಕಿಗೆ ವಿಷವಾದ್ದರಿಂದ ಕೊಠಡಿಯಲ್ಲಿ ಬಳಸಲೇಕೂಡದು. ಬಟ್ಟೆಗಳನ್ನು ಪ್ರತ್ಯೇಕವಾಗಿ ಎರಡು ಬಾರಿ ಒಗೆಯುವುದು.

ಕೂಡಲೇ ಆಸ್ಪತ್ರೆಗೆ ತರಬೇಕಾದ ಸಂದರ್ಭಗಳು

ಬೆಕ್ಕು ಒಂದು ಇಡೀ ದಿನ ಆಹಾರ ಮುಟ್ಟದಿದ್ದರೆ, ವಾಂತಿ ಮಾಡಿದರೆ ಅಥವಾ ಸದಾ ಅಡಗಿಯೇ ಇದ್ದರೆ ವೈದ್ಯಾಧಿಕಾರಿಗಳಿಗೆ ತಿಳಿಸಬೇಕು. ಗಂಡು ಬೆಕ್ಕು ತಿಣುಕಿದರೂ ಮೂತ್ರ ಬಾರದಿದ್ದಲ್ಲಿ ತುರ್ತು ಪರಿಸ್ಥಿತಿಯೆಂದು ಪರಿಗಣಿಸಿ, ತಡಮಾಡದೆ ಕರೆತರತಕ್ಕದ್ದು. ಆರೈಕೆ ವೇಳೆ ಬೆಕ್ಕು ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ರೇಬಿಸ್ ಲಸಿಕೆಯ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು.

ಕೂದಲು ಮತ್ತೆ ಬೆಳೆದ ಮಾತ್ರಕ್ಕೆ ಔಷಧ ನಿಲ್ಲಿಸಬಾರದು. ಮರುತಪಾಸಣೆಯ ನಂತರ, ಅಗತ್ಯವಿದ್ದಲ್ಲಿ ಕಲ್ಚರ್ ವರದಿಯ ಆಧಾರದ ಮೇಲೆ, ಬೆಕ್ಕನ್ನು ಮನೆಯವರೊಂದಿಗೆ ಬಿಡುವ ದಿನವನ್ನು ಪಶುವೈದ್ಯಾಧಿಕಾರಿಗಳು ತಿಳಿಸುತ್ತಾರೆ. ಆ ದಿನ ರಟ್ಟಿನ ಪೆಟ್ಟಿಗೆ, ಗೋಣಿ ಹಾಗೂ ಬಾಚಣಿಗೆಯನ್ನು ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡುವುದು.