ಕನ್ನಡನಾಡಿನ ತಾರೆ ಮತ್ತು ಚೀನಾದ ಮಂತ್ರಗ್ರಂಥಗಳು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪರಿಸರದ ಧರ್ಮಚರಿತ್ರೆಯನ್ನು ಬಸದಿ ಮತ್ತು ಶಿವಾಲಯಗಳ ಮೂಲಕ ಓದುವುದು ರೂಢಿ. ಈ ಪರಿಸರದ ಎರಡು ಅಂಚುಗಳಲ್ಲಿ ಬೌದ್ಧ ಶಾಸನಗಳಿವೆ. ಹಿರೇಕೆರೂರಿಗೆ ನೆರೆಯ ಬಳ್ಳಿಗಾವೆಯಲ್ಲಿ ದಂಡನಾಯಕ ರೂಪಭಟ್ಟಯ್ಯನು 1065ರಲ್ಲಿ ಬೌದ್ಧವಿಹಾರವನ್ನು ಕಟ್ಟಿಸಿ, ತಾರಾಭಗವತಿ ಹಾಗೂ ಲೋಕೇಶ್ವರರ ಪೂಜೆಗೆ ದತ್ತಿ ಬಿಟ್ಟನು. ಸವಣೂರಿಗೆ ಈಶಾನ್ಯದಲ್ಲಿರುವ ಡಂಬಳದ 1095ರ ಶಾಸನವು ಹದಿನಾರು ಸೆಟ್ಟಿಗಳು ಕಟ್ಟಿಸಿದ ವಿಹಾರವನ್ನೂ ತಾರೆಯ ಆರಾಧನೆಯನ್ನೂ ದಾಖಲಿಸುತ್ತದೆ. ಹಾನಗಲ್ಲಿನ ತಾರಕೇಶ್ವರನಾದರೋ ಶಿವ. ಹೆಸರಿನ ಸಾಮ್ಯದಿಂದ ಅವನನ್ನು ಈ ತಾರೆಗೆ ಜೋಡಿಸಲಾಗದು.

ಡಂಬಳ ಶಾಸನದ ಸ್ತುತಿಯಲ್ಲಿ ತಾರೆ ಎಂಟು ಭಯಗಳನ್ನು ಶಮನಗೊಳಿಸುವವಳು: ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ಕಡಲು, ಪಿಶಾಚಿ. ಇವುಗಳಲ್ಲಿ ಹೆಚ್ಚಿನವು ದಾರಿಯ ಭಯಗಳು. ಆರಾಧಕರು ವರ್ತಕರೆಂಬುದನ್ನು ನೆನೆದರೆ ಸ್ತುತಿಯ ಔಚಿತ್ಯ ಸ್ಪಷ್ಟವಾಗುತ್ತದೆ. ಆದರೆ ದತ್ತಿಶಾಸನವು ಪೂಜೆಯ ವೆಚ್ಚವನ್ನು ಹೇಳುತ್ತದೆಯೇ ಹೊರತು ಪೂಜೆಯ ವಿಧಿಯನ್ನಲ್ಲ.

ಅಂಥ ವಿಧಿಗಳನ್ನು ವಿವರಿಸುವ ಗ್ರಂಥಗಳು ಇದಕ್ಕೆ ಮೂರು ಶತಮಾನ ಮೊದಲೇ ಚೀನೀ ಭಾಷೆಗೆ ಸಂದಿದ್ದವು. ದಕ್ಷಿಣಭಾರತ ಮೂಲದವನೆಂದು ಪರಂಪರೆ ಹೇಳುವ ವಜ್ರಬೋಧಿ (671–741) ಸಮುದ್ರಮಾರ್ಗವಾಗಿ ಚೀನಾಕ್ಕೆ ಹೋಗಿ, 720ರಲ್ಲಿ ರಾಜಧಾನಿಯನ್ನು ಸೇರಿದನು. ಅವನ ಶಿಷ್ಯ ಅಮೋಘವಜ್ರನು (705–774) ಗುರುವಿನ ಮರಣಾನಂತರ ಸಿಂಹಳಕ್ಕೆ ಹೋಗಿ, 746ರಲ್ಲಿ ಗ್ರಂಥಗಳ ದೊಡ್ಡ ಸಂಗ್ರಹದೊಡನೆ ಮರಳಿದನು. ಸರ್ವತಥಾಗತತತ್ತ್ವಸಂಗ್ರಹವು ಈ ಗುರುಶಿಷ್ಯರ ಮೂಲಕ ಚೀನೀ ಭಾಷೆಗೆ ಬಂದಿತು.

ಇಲ್ಲಿ ಅನುವಾದಕರು ಎರಡು ಮಾರ್ಗ ಹಿಡಿದರು. ವಿಧಿವಿವರಣೆಯ ಅರ್ಥವನ್ನು ಅನುವಾದಿಸಿದರು. ಮಂತ್ರದ ನಾದವನ್ನು ಮಾತ್ರ ಲಿಪ್ಯಂತರಿಸಿದರು. ಮಂತ್ರದ ಬಲ ಅದರ ಉಚ್ಚಾರಣೆಯಲ್ಲಿದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಚೀನೀ ಲಿಪಿಯಲ್ಲಿ ಒತ್ತಕ್ಷರವಿಲ್ಲ. ಆದ್ದರಿಂದ ‘ವಜ್ರ’ ಪದಕ್ಕೆ ಮೂರು ಲಿಪಿಚಿಹ್ನೆಗಳನ್ನು ಬರೆದು, ಕೊನೆಯ ಎರಡನ್ನು ಕೂಡಿಸಿ ಉಚ್ಚರಿಸಬೇಕೆಂದು ‘ಎರಡರ ಸಂಯೋಗ’ ಎಂಬರ್ಥದ ಸೂಚನೆಯನ್ನು ಪಕ್ಕದಲ್ಲಿ ಸೇರಿಸಿದರು. ದೀರ್ಘಸ್ವರಕ್ಕೂ ಇಂಥದೇ ಸೂಚನೆಯಿತ್ತು. ಕನ್ನಡದ ಓದುಗನ ಕಣ್ಣಿಗೆ ಸಹಜವಾಗಿ ಬೀಳುವ ‘ಜ್ರ’ ಅಲ್ಲಿ ಒಂದು ಟಿಪ್ಪಣಿಯನ್ನೇ ಬೇಡಿತು.

ಇದನ್ನು ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದೊಡನೆ ಹೋಲಿಸಬಹುದು. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿಯು ಶಕ 820ರಲ್ಲಿ ಆ ಊರನ್ನು ಹೆಸರಿಸುತ್ತದೆ. ಆ ಗ್ರಂಥ ಉಳಿದದ್ದು ಜೈನಸಮಾಜವು ಶಾಸ್ತ್ರದಾನವನ್ನು ಧರ್ಮಕಾರ್ಯವೆಂದು ಬಗೆದು ತಲೆಮಾರುಗಳವರೆಗೆ ಪ್ರತಿಮಾಡಿಸಿದ್ದರಿಂದ. ಬಳ್ಳಿಗಾವೆ, ಡಂಬಳಗಳ ವಿಹಾರಗಳಿಗೆ ಅಂಥ ಉತ್ತರಾಧಿಕಾರಿಗಳು ದೊರೆಯಲಿಲ್ಲ. ಹೀಗಾಗಿ ಇಲ್ಲಿಯ ಬೌದ್ಧಚರಿತ್ರೆಯನ್ನು ಬರೆಯುವವರು ದಾನಿಗಳನ್ನು ಕನ್ನಡ ಶಾಸನಗಳಲ್ಲಿ ಕಾಣಬೇಕು. ಮಂತ್ರಮಾರ್ಗದ ವಿಧಿಯನ್ನು ಅರಿಯಲು ಚೀನೀ ಪಾಠಗಳತ್ತಲೂ ಹೊರಳಬೇಕು. ಆದರೆ ದೂರದ ಪಾಠವು ವಿಧಿಯ ಸ್ವರೂಪವನ್ನು ತಿಳಿಸೀತೇ ಹೊರತು, ಡಂಬಳದಲ್ಲಿ ನಡೆದದ್ದೂ ಅದೇ ಎಂಬುದಕ್ಕೆ ಸಾಕ್ಷಿಯಾಗದು.