ಸೆಲ್ಫ್ ಹೊಡೀತದ, ಗಾಡಿ ಚಾಲೂ ಆಗವಲ್ದು

"ಗಾಡಿ ಚಾಲೂ ಆಗವಲ್ದು" ಅನ್ನೋ ಒಂದೇ ಮಾತಿನ್ಯಾಗ ನಾವು ಎರಡು ಬ್ಯಾರೆ ಬ್ಯಾರೆ ರೋಗ ಹೇಳಿಬಿಡ್ತೇವಿ. ಕೀಲಿ ತಿರುವಿದ್ರ ಸಪ್ಪಳನ ಇಲ್ಲ, ಇಲ್ಲಾಂದ್ರ ಬರೇ ಟಕ್ ಟಕ್ ಅಂತದ. ಅದು ಒಂದು. ಅದಕ್ಕ ಬ್ಯಾಟರಿ, ಅದರ ವಾಯರು, ಸೆಲ್ಫ್ ಮೋಟಾರು ನೋಡಬೇಕು. ಎರಡನೇದು, ಕೀಲಿ ತಿರುವಿದ ಕೂಡ್ಲೇ ಎಂಜಿನ್ ಗರಗರ ತಿರಗತದ, ಆದ್ರ ಹತ್ತಂಗಿಲ್ಲ. ಗ್ಯಾರೇಜಿನವರ ಮಾತಿನ್ಯಾಗ ಹೇಳಬೇಕಂದ್ರ, ಸೆಲ್ಫ್ ಹೊಡೀತದ, ಗಾಡಿ ಚಾಲೂ ಆಗವಲ್ದು. ಇವತ್ತ ಈ ಎರಡನೇ ರೋಗದ ಕತಿ ಬರೀತೇನಿ. ಸುಮಾರು 140 ವರ್ಷದ ಕತಿ ಅದು. ಅದರ ಮೊದಲನೇ ಪಾಠ ಕಲಿಸಿದಾಕಿ ಒಬ್ಬ ಹೆಣ್ಣುಮಗಳು.

ಎಂಜಿನ್ ಅಂದ್ರ ಗಂಡಸರ ವಿಷಯ ಅಂತ ಎದ್ದ ಹೋಗಬ್ಯಾಡ್ರಿ ವೈನಿ. ಪಂಪಿನ ಸ್ಟೋವ್ ಹಚ್ಚಿದವರಿಗೆಲ್ಲಾ ಇದು ಅರ್ಧ ಗೊತ್ತಿದ್ದದ್ದೇ ಅದ. ಸ್ಟೋವ್ ಹತ್ತಲಿಲ್ಲಂದ್ರ ನಾವೇನ್ ನೋಡ್ತಿದ್ವಿ? ಎಣ್ಣಿ ಅದನೋ ಇಲ್ಲೋ, ಬರ್ನರಿನ ತೂತು ಕಟ್ಟಿಕೊಂಡದೇನು, ಗಾಳಿ ಹೊಡದದ್ದು ಸಾಕಾಗ್ಯದೇನು, ಕಡ್ಡಿಪೆಟ್ಟಿಗಿ ಹಸಿ ಆಗ್ಯದೇನು. ಪೆಟ್ರೋಲ್ ಎಂಜಿನ್ ಕೇಳೋದೂ ಅಷ್ಟೇ: ಎಣ್ಣಿ, ಗಾಳಿ, ಕಿಡಿ. ಗಾಳಿ ಬರೇ ಒಳಗ ಬಂದ್ರ ಸಾಲಂಗಿಲ್ಲ, ಎಣ್ಣಿ ಜೋಡಿ ಕೂಡಿ ಸಿಲಿಂಡರಿನ್ಯಾಗ ಬಿಗಿಯಾಗಿ ಒತ್ತಿಕೋಬೇಕು. ಕಿಡಿನೂ ಹಂಗ, ಒತ್ತಿದ ಹೊತ್ತಿಗೆ ಸರಿಯಾಗಿ ಬೀಳಬೇಕು. ಎಂಜಿನ್ ತಿರಗತದ, ಆದ್ರ ಹತ್ತವಲ್ದು ಅಂದ್ರ ಈ ಮೂರರಾಗ ಯಾವುದೋ ಒಂದು ಬಂದಿಲ್ಲ, ಇಲ್ಲಾ ಹೊತ್ತು ತಪ್ಪಿ ಬಂದದ.

ಈಗ ಜರ್ಮನಿಗೆ ಹೋಗೋಣ. ಫೋರ್ಟ್ಸ್‌ಹೈಮ್ ಅನ್ನೋ ಊರಾಗ 1849ರಾಗ ಬರ್ಥಾ ಹುಟ್ಟಿದ್ಲು. ಆಕಿ ಗಂಡ ಕಾರ್ಲ್ ಬೆಂಝ್. ಮದುವಿಕಿಂತ ಮೊದಲ ತನ್ನ ವರದಕ್ಷಿಣಿ ರೊಕ್ಕ ತಗಸಿ ಅವನ ಕಾರ್ಖಾನಿಗೆ ಹಾಕಿಸಿದಾಕಿ ಈಕಿ. ಮ್ಯಾನ್‌ಹೈಮ್ ಊರಾಗ ಸಂಸಾರ. ಗಂಡ ಕಟ್ಟಿದ ಎಂಜಿನ್ ಎಷ್ಟ ತಿರುವಿದ್ರೂ ಓಡ್ತಿದ್ದಿಲ್ಲ. 1879ರ ಡಿಸೆಂಬರ್ 31ರ ರಾತ್ರಿ ಊಟ ಆದಮ್ಯಾಲೆ, ಇನ್ನೊಮ್ಮೆ ಹೋಗಿ ನೋಡೋಣ ನಡೀರಿ ಅಂತ ಬರ್ಥಾನ ಎಬ್ಬಿಸಿದ್ಲಂತ. ಗಂಡ-ಹೆಂಡ್ತಿ ಇಬ್ಬರೂ ಹೋಗಿ ತಿರುವಿದ್ರು. ಆವತ್ತ ಎಂಜಿನ್ ಹತ್ತಿತು. ಮುಂದ 1886ರ ಜನವರಿ 29ಕ್ಕ ಮೂರು ಗಾಲಿ ಗಾಡಿಗೆ ಪೇಟೆಂಟ್ ಅರ್ಜಿ ಹೋತು. ಆ ಕಾಗದದಾಗ ಬರ್ಥಾನ ಹೆಸರಿಲ್ಲ.

ಗಾಡಿ ಆತು, ಕೊಳ್ಳೋವರು ಇಲ್ಲ. ಅಂಗಳ ದಾಟಿ ದೂರ ಹೋಗೋ ಗಾಡಿ ಇದು ಅಂತ ಜನಕ್ಕ ನಂಬಿಕಿ ಬರಬೇಕಲ್ಲ. 1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ, ಗಂಡಗ ಹೇಳದಂಗ, ಹುಡುಗುರು ಆಯ್ಗೆನ್ ಮತ್ತ ರಿಚರ್ಡ್‌ನ ಕರಕೊಂಡು ಬರ್ಥಾ ಗಾಡಿ ಹೊರಗ ತಗದ್ಲು. ತವರುಮನಿಗೆ ಹೊಂಟಿದ್ಲು ನೋಡ್ರಿ. ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ 100 ಕಿಲೋಮೀಟರ್‌ಕಿಂತ ಸ್ವಲ್ಪ ಹೆಚ್ಚು. ಆ ಗಾಡಿಗೆ ಕೀಲಿ ಇಲ್ಲ, ಸೆಲ್ಫ್ ಇಲ್ಲ. ಹಿಂದಿನ ದೊಡ್ಡ ಚಕ್ರ ಕೈಲೇ ಜಗ್ಗಿ ತಿರುವಬೇಕು.

ದಾರ್ಯಾಗ ಎಣ್ಣಿ ಮುಗೀತು. ಆಗ ಪೆಟ್ರೋಲ್ ಬಂಕ್ ಎಲ್ಲಿ? ವೀಸ್ಲೋಖ್ ಅನ್ನೋ ಊರಿನ ಔಷಧದ ಅಂಗಡಿಗೆ ಹೋಗಿ ಲಿಗ್ರೋಯಿನ್ ಕೇಳಿದ್ಲು. ಅರಬಿ ಮ್ಯಾಲಿನ ಕಲಿ ತಗಿಯೋ ಎಣ್ಣಿ ಅದು, ಗಾಡಿಗೂ ಅದನ್ನೇ ಹಾಕ್ತಿದ್ರು. ಇವತ್ತಿಗೂ ಆ ಅಂಗಡಿಗೆ ಜಗತ್ತಿನ ಮೊದಲನೇ ಪೆಟ್ರೋಲ್ ಬಂಕ್ ಅಂತಾರ. ಮುಂದ ಹೋದಮ್ಯಾಲೆ ಎಣ್ಣಿ ನಳಿಗಿ ಕಟ್ಟಿಕೊಂಡಿತು. ಟೊಪ್ಪಿಗಿ ಜಾರದಂಗ ಕೂದಲಿಗೆ ಚುಚ್ಚೋ ಉದ್ದನ ಪಿನ್ನು ತಗದು ಅದನ್ನ ಬಿಡಿಸಿದ್ಲು. ನಾವು ಸ್ಟೋವಿನ ತೂತಿಗೆ ಪಿನ್ನು ಹಾಕ್ತಿದ್ವಲ್ಲ, ಅದೇ ಕೆಲಸ. ಇನ್ನೊಂದ ಕಡೆ ಕಿಡಿ ಒಯ್ಯೋ ವಾಯರಿನ ಹೊದಿಕಿ ಸವದಿತ್ತು. ಕಾಲಚೀಲ ಕಟ್ಟೋ ಪಟ್ಟಿ ಬಿಚ್ಚಿ ಅದಕ್ಕ ಸುತ್ತಿದ್ಲು. ಬ್ರೇಕಿನ ಕಟಗಿ ಸವದಾಗ ಚಮ್ಮಾರಗ ಹೇಳಿ ತೊಗಲು ಬಡಿಸಿದ್ಲು. ಚಡಾವಿನ್ಯಾಗ ಹುಡುಗುರು ಇಳದು ದಬ್ಬಿದ್ರು. ಸಂಜಿಗೆ ತವರುಮನಿ ಮುಟ್ಟಿ ಗಂಡಗ ತಂತಿ ಕಳಿಸಿದ್ಲು.

ಸರಿಯಾಗಿ ನೋಡ್ರಿ. ಎಣ್ಣಿ ಮುಗದಾಗ ಎಣ್ಣಿ ಹಾಕಿದ್ಲು. ಎಣ್ಣಿ ಇದ್ದೂ ಬರಲಾರದಾಗ ನಳಿಗಿ ನೋಡಿದ್ಲು. ಎಣ್ಣಿ ಬಂದಾಗೂ ತ್ರಾಸು ಆದ್ರ ಕಿಡಿ ನೋಡಿದ್ಲು. ಇವತ್ತಿನ ದೊಡ್ಡ ಗ್ಯಾರೇಜಿನ್ಯಾಗೂ ನೋಡೋ ಮಾತು ಇವೇ.

ಆವತ್ತಿನ ಗಾಡಿಯೊಳಗ ಎಲ್ಲಾದಕ್ಕಿಂತ ಸೊಕ್ಕಿನ ಕೂಸು ಅಂದ್ರ ಕಿಡಿ. ಅದನ್ನ ಹದಕ್ಕ ತಂದವರು ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಅವರ ಕಾರ್ಖಾನಿಯವರು. 1902ರಾಗ ಅಲ್ಲಿಯ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೊ ಮತ್ತ ಅದಕ್ಕ ಒಪ್ಪೋ ಸ್ಪಾರ್ಕ್ ಪ್ಲಗ್ ಮಾಡಿದ್ರು. ಈ ಪ್ಲಗ್ ನಮ್ಮ ರಾಜ್ಯಕ್ಕೂ ಬಂತು. 1951ರಾಗ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದ್ರ ಮೈಕೋ, ಬಾಷ್ ಜೋಡಿ ಕೂಡಿ ಶುರು ಆತು. ಬೆಂಗಳೂರಿನ ಆಡುಗೋಡಿಯೊಳಗ ಅದರ ಕಾರ್ಖಾನಿ. ಸ್ಪಾರ್ಕ್ ಪ್ಲಗ್ ಮತ್ತ ಡೀಸೆಲ್ ಗಾಡಿಯ ಪಂಪು ಅಲ್ಲಿ ತಯಾರ ಆದ್ವು. ಬೆಂಗಳೂರಿಗೆ ಹೋದಾಗ ಮೈಕೋ ಲೇಔಟ್ ಅಂತ ಬಸ್ಸಿನ ಬೋರ್ಡ್ ನೋಡ್ತೇವಲ್ಲ, ಆ ಹೆಸರಿನ ಬೇರು ಇಲ್ಲಿ ಅದ.

ಇನ್ನ "ಸೆಲ್ಫ್" ಅನ್ನೋ ಶಬ್ದಕ್ಕ ಬರ್ತೇನಿ. ಮೊದಲ ಎಲ್ಲಾ ಗಾಡಿ ಮುಂದ ಹ್ಯಾಂಡಲ್ ಹಾಕಿ ಕೈಲೇ ತಿರುವಬೇಕಿತ್ತು. ಕಿಡಿ ಹೊತ್ತಿಗೆ ಮೊದಲ ಬಿದ್ರ ಹ್ಯಾಂಡಲ್ ಉಲ್ಟಾ ಒದೀತಿತ್ತು, ಮಣಿಕಟ್ಟು ಮುರೀತಿತ್ತು. ಅದಕ್ಕ ಹೆಬ್ಬೆರಳು ಹ್ಯಾಂಡಲಿಗೆ ಸುತ್ತಬಾರದು, ಉಳಿದ ಬೆರಳಿನ ಕಡೆಗೇ ಇಡಬೇಕು ಅಂತ ಕಲಸ್ತಿದ್ರು. ಆ ಕಾಲದಾಗೂ ಹೆಣ್ಣುಮಕ್ಕಳು ಸುಮ್ಮನ ಕೂತಿರಲಿಲ್ಲ. ಇಂಗ್ಲೆಂಡಿನ್ಯಾಗ ರೇಸ್ ಗಾಡಿ ಓಡಸ್ತಿದ್ದ ಡೊರೋಥಿ ಲೆವಿಟ್ ಅನ್ನೋಕಿ 1909ರಾಗ ಹೆಂಗಸರ ಸಲುವಾಗಿನ ಕಾರಿನ ಬಗ್ಗೆ ಒಂದು ಪುಸ್ತಕ ಬರದ್ಲು. ಹಿಂದಿನ ದಾರಿ ನೋಡಲಿಕ್ಕೆ ಸಣ್ಣ ಕೈಗನ್ನಡಿ ಇಟ್ಟಕೋರಿ ಅಂತ ಅದರಾಗ ಹೇಳ್ಯಾಳ.

1912ರಾಗ ಅಮೆರಿಕಾದ ಕ್ಯಾಡಿಲಾಕ್ ಗಾಡಿಗೆ ಚಾರ್ಲ್ಸ್ ಕೆಟರಿಂಗ್ ಮಾಡಿದ ಕರೆಂಟಿನ ಸೆಲ್ಫ್ ಸ್ಟಾರ್ಟರ್ ಬಂತು. ಅಂವ ಮೊದಲ ಅಂಗಡಿಯ ರೊಕ್ಕದ ಪೆಟ್ಟಿಗಿ ತಗಿಯೋ ಮೋಟಾರ್ ಮಾಡಿದ್ದ. ಆ ಮೋಟಾರ್ ದಿನಪೂರ್ತಿ ತಿರಗೋದಿಲ್ಲ, ಕ್ಷಣ ಹೊತ್ತು ಜೋರಾಗಿ ತಿರಗಿ ನಿಂದ್ರತದ. ಕಾರಿಗೂ ಅಷ್ಟೇ ಸಾಕು ಅನ್ನೋದು ಅವನ ತಲಿ. ಅದಕ್ಕನ ಇವತ್ತಿಗೂ ಸೆಲ್ಫ್ ಒಂದೇ ಸವನ ಹೊಡೀಬಾರದು. ಐದು-ಹತ್ತು ಸೆಕೆಂಡ್ ಹೊಡದು, ಅರ್ಧ ನಿಮಿಷ ಬಿಟ್ಟು ನೋಡಬೇಕು. ಇಲ್ಲಾಂದ್ರ ಒಂದು ರೋಗಕ್ಕ ಬ್ಯಾಟರಿ, ಸೆಲ್ಫ್ ಅಂತ ಮತ್ತೆರಡು ಕೂಡ್ತಾವ.

ಸೆಲ್ಫ್ ಬಂದಮ್ಯಾಲೆ ಕೈ ಮುರಿಯೋದು ತಪ್ಪಿತು, ಹೆಣ್ಣುಮಕ್ಕಳಿಗೂ ಗಾಡಿ ಸಲೀಸು ಆತು. ಆದ್ರ ಇನ್ನೊಂದೂ ಆತು. ಹ್ಯಾಂಡಲ್ ಹೊಡಿಯೋವರು ಬಾನೆಟ್ ಮುಂದ ನಿಂತಿರ್ತಿದ್ರು, ಎಣ್ಣಿ ವಾಸನಿ ಮೂಗಿಗೆ ಬಡೀತಿತ್ತು, ಎಂಜಿನ್ ಎಷ್ಟು ಬಿಗಿ ಅದ ಅಂತ ತೋಳಿಗೆ ಗೊತ್ತಾಗ್ತಿತ್ತು. ಸೀಟಿನ್ಯಾಗ ಕೂತು ಕೀಲಿ ತಿರುವೋವರಿಗೆ ಉಳಿದದ್ದು ಕಿವಿ ಒಂದೇ.

ನಮ್ಮ ದೇಶದಾಗ ಅಂಬಾಸಿಡರ್, ಫಿಯೆಟ್ ಇದ್ದಾಗ ಈ ರೋಗಕ್ಕ ಮನಿಮದ್ದು ಇದ್ವು. ಬ್ಯಾಸಿಗ್ಯಾಗ ಪೆಟ್ರೋಲ್ ಪಂಪಿನೊಳಗ ಕಾದು ಆವಿ ಆಗಿ ಮುಂದ ಹೋಗ್ತಿದ್ದಿಲ್ಲ. ಪಂಪಿನ ಮ್ಯಾಲೆ ಹಸಿ ಅರಬಿ ಹಾಕಿ ಕಾಯಬೇಕು. ಮಳಿಗಾಲದಾಗ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗ ಹಸಿ ಕೂತು ಕಿಡಿ ದಾರಿ ತಪ್ಪತಿತ್ತು. ಕ್ಯಾಪ್ ತಗದು ಒಣ ಅರಬಿಲೇ ಒರಸಬೇಕು. ಪಾಯಿಂಟ್ ಸುಟ್ಟಿದ್ರ ಮರಳಕಾಗದಲೇ ತಿಕ್ಕಬೇಕು. ಚಳಿಗೆ ಚೋಕ್ ಎಳೀಬೇಕು. ಹೆಚ್ಚು ಎಳದ್ರ ಎಣ್ಣಿ ತುಂಬಿ ಪ್ಲಗ್ ಒದ್ದಿ ಆಗ್ತಿತ್ತು, ಅದಕ್ಕ "ಓವರ್‌ಫ್ಲೋ" ಅಂತಿದ್ರು. ಹಸಿ ಒಲಿಗೆ ಸೀಮೆಎಣ್ಣಿ ಸುರುವಿದಂಗ. ಪ್ಲಗ್ ಬಿಚ್ಚಿ ಒಣಗಿಸಿದ್ರ ಮತ್ತ ಹತ್ತತಿತ್ತು.

1983ರ ಡಿಸೆಂಬರ್ 14ಕ್ಕ ದಿಲ್ಲಿಯೊಳಗ ಮೊದಲನೇ ಮಾರುತಿ 800 ಕೀಲಿ ಕೊಟ್ರು. ಅದಕ್ಕೂ ಮೊದಲ ಕಾರ್ಬೊರೇಟರೇ ಇತ್ತು. 2000ದ ಆಸುಪಾಸು ಹೊಗಿ ಕಡಿಮಿ ಮಾಡೋ ಕಾಯ್ದೆ ಬಿಗಿ ಆದ್ವು, ಕಾರ್ಬೊರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಎಣ್ಣಿ ಎಷ್ಟು, ಕಿಡಿ ಯಾವಾಗ ಅನ್ನೋದನ್ನ ಒಂದು ಸಣ್ಣ ಕಂಪ್ಯೂಟರ್ ಲೆಕ್ಕ ಹಾಕಲಿಕ್ಕೆ ಹತ್ತಿತು. ಪೆಟ್ರೋಲ್ ಪಂಪು ಟಾಕಿಯೊಳಗ ಮುಳುಗಿ ಕೂತದ, ಹಸಿ ಅರಬಿ ಹಾಕಲಿಕ್ಕೆ ಕೈಗೆ ಸಿಗಂಗಿಲ್ಲ. ಅದಕ್ಕ "ಈಗಿನ ಗಾಡಿ ನಮಗ ತಿಳಿಯಂಗಿಲ್ಲ" ಅಂತಾರ ಗಂಡಸರೂ. ಆದ್ರ ಮೂರು ಪ್ರಶ್ನಿ ಹಂಗೇ ಅದಾವ. ಕಿವಿ, ಕಣ್ಣು, ಮೂಗು ಸಾಕು.

ಕಿವಿ: ಕೀಲಿ ಒಂದು ಸುತ್ತು ತಿರುವಿ, ಸೆಲ್ಫ್ ಹೊಡಿಯದಂಗ ನಿಂದ್ರಸ್ರಿ. ಭಾಳ ಗಾಡಿಯೊಳಗ ಹಿಂದಿನ ಸೀಟಿನ ಕೆಳಗ ಎರಡು-ಮೂರು ಸೆಕೆಂಡ್ ಗುಂಯ್ ಅಂತದ. ಅದು ಎಣ್ಣಿ ಪಂಪು. ದಿನಾ ಕೇಳ್ತಿದ್ದು ಇವತ್ತ ಕೇಳಲಿಲ್ಲಂದ್ರ ಫ್ಯೂಸ್, ರಿಲೇ, ಪಂಪ್ ನೋಡಬೇಕು. ಸೆಲ್ಫ್ ಹೊಡದಾಗ ದಿನಕ್ಕಿಂತ ಮೆಲ್ಲಕ ತಿರಗಿದ್ರ ಬ್ಯಾಟರಿ ಸೊರಗ್ಯದ. ದಿನಕ್ಕಿಂತ ಹಗೂರ, ಜೋರು, ಕಾಳಿಲ್ಲದ ಗಿರಣಿಯಂಗ ತಿರಗಿದ್ರ ಕೂಡ್ಲೇ ಬಿಡ್ರಿ. ಒಳಗಿನ ಟೈಮಿಂಗ್ ಬೆಲ್ಟ್ ಹರದಿರಬಹುದು, ಮತ್ತ ಹೊಡದ್ರ ವಾಲ್ವ್ ಬಾಗಿ ಖರ್ಚು ಹತ್ತು ಪಟ್ಟು ಆಗ್ತದ.

ಕಣ್ಣು: ಮೊದಲ ಎಣ್ಣಿ ಮುಳ್ಳು ನೋಡ್ರಿ, ನಗಬ್ಯಾಡ್ರಿ, ಬರ್ಥಾನೂ ಅಲ್ಲಿಂದನ ಶುರು ಮಾಡಿದ್ಲು. ಆಮ್ಯಾಲೆ ಕೀಲಿ ಇಲ್ಲಾ ಕೀಲಿ ಹಾಕಿದ ಕಾರಿನ ಚಿತ್ರದ ದೀಪ ಮಿಣಮಿಣ ಅಂತದೇನು ನೋಡ್ರಿ. ಕಳ್ಳರ ಸಲುವಾಗಿ ಇಟ್ಟ ಬಂದೋಬಸ್ತು ಅದು. ಕೀಲಿಯೊಳಗಿನ ಚಿಪ್ ಗುರುತು ಸಿಗಲಿಲ್ಲಂದ್ರ ಎಂಜಿನ್ ಹತ್ತಗೊಡಂಗಿಲ್ಲ. ಮನ್ಯಾಗಿನ ಎರಡನೇ ಕೀಲಿ ಹಾಕಿ ನೋಡ್ರಿ. ಎಂಜಿನ್ ಚಿತ್ರದ ಹಳದಿ ದೀಪ ಕೀಲಿ ತಿರುವಿದಾಗ ಹತ್ತಲೇಬೇಕು. ಹತ್ತಲೇ ಇಲ್ಲಂದ್ರ ಕಂಪ್ಯೂಟರಿಗೇ ಕರೆಂಟ್ ಮುಟ್ಟಿಲ್ಲ.

ಮೂಗು: ನಾಕು ಸಲ ಹೊಡದಮ್ಯಾಲೆ ಪೆಟ್ರೋಲ್ ವಾಸನಿ ಘಂ ಅಂತ ಬಂದ್ರ ಎಣ್ಣಿ ಬಂದದ, ಕಿಡಿ ಬಂದಿಲ್ಲ, ಇಲ್ಲಾ ಎಣ್ಣಿ ಹೆಚ್ಚಾಗ್ಯದ. ಎಣ್ಣಿ ಹೆಚ್ಚಾಗಿದ್ರ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡದು ಒಂದು ಸಲ ಸೆಲ್ಫ್ ಹೊಡದ್ರ ಭಾಳ ಗಾಡಿಯೊಳಗ ಕಂಪ್ಯೂಟರ್ ಎಣ್ಣಿ ಬಂದ್ ಮಾಡ್ತದ, ಒಳಗ ಒಣಗತದ. ವಾಸನಿ ಬರಲೇ ಇಲ್ಲಂದ್ರ ಎಣ್ಣಿ ಕಡೆ ಹುಡುಕಬೇಕು. ವಾಸನಿ ಇದ್ದಾಗ ಪ್ಲಗ್ ಬಿಚ್ಚಿ ಕಿಡಿ ಹಾರಿಸಿ ನೋಡೋ ಉಸಾಬರಿ ಮಾತ್ರ ಬ್ಯಾಡ, ಬೆಂಕಿ ಜೋಡಿ ಆಟ ಅದು.

ಡೀಸೆಲ್ ಗಾಡಿದು ಸ್ವಲ್ಪ ಬ್ಯಾರೆ. ಅದಕ್ಕ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿ ಒತ್ತಿ ಒತ್ತಿ ಕಾದ ಬಿಸಿಗೇ ಎಣ್ಣಿ ಹತ್ತತದ. ಚಳಿಗೆ ಸ್ಪ್ರಿಂಗಿನ ಚಿತ್ರದ ದೀಪ ಆರೋ ತನಕ ತಡದು ಸೆಲ್ಫ್ ಹೊಡೀಬೇಕು. ಡೀಸೆಲ್ ಪೂರ್ತಿ ಮುಗಿಸಿದ್ರ ನಳಿಗ್ಯಾಗ ಗಾಳಿ ಸೇರತದ, ಅದನ್ನ ತಗಿಯೋ ತನಕ ಹತ್ತಂಗಿಲ್ಲ.

ಇದೆಲ್ಲಾ ಯಾಕ ಅಂದ್ರ, ನಮ್ಮ ಮನಿಗಳೊಳಗ ಈಗ ಹೆಣ್ಣುಮಕ್ಕಳು, ಸೊಸಿಯಂದಿರು ಗಾಡಿ ಓಡಸ್ತಾರ. ಹೈವೇ ಬದಿಗೆ ಗಾಡಿ ನಿಂತಾಗ ಬಂದಾಂವ "ಎಂಜಿನ್ ಹೋಗ್ಯದ ಮೇಡಂ" ಅಂದ್ರ ಹೂಂ ಅನ್ನೋದೊಂದೇ ದಾರಿ ಆಗಬಾರದು. "ಸೆಲ್ಫ್ ಛಲೋ ಹೊಡೀತದ, ಪಂಪಿನ ಸಪ್ಪಳ ಬರ್ತದ, ಕೀಲಿ ದೀಪ ಮಿಣಕವಲ್ದು, ಪೆಟ್ರೋಲ್ ವಾಸನಿ ಅದ" ಅಂತ ನಾಕು ಮಾತು ಹೇಳಿದ್ರ, ಅಂವ ಎಣ್ಣಿ ಬಿಟ್ಟು ಕಿಡಿ ಕಡೆನ ನೋಡ್ತಾನ. ರಿಪೇರಿ ಅಂವ ಮಾಡಲಿ. ರೋಗ ಹೇಳೋದು ನಮ್ಮ ಕೈಯಾಗಿರಲಿ.

ಬರ್ಥಾ ಬೆಂಝ್ 1944ರಾಗ ತೀರಿಕೊಂಡ್ಲು, 95 ವರ್ಷದಾಕಿ ಆಗಿ. ಆಕಿ ಹೋದ ದಾರಿಗೆ ಈಗ ಆಕಿ ಹೆಸರೇ ಇಟ್ಟು ಬೋರ್ಡ್ ಹಾಕ್ಯಾರ.

ನಾಳೆ ಮುಂಜಾನೆ ಒಂದು ಕೆಲಸ ಮಾಡ್ರಿ. ನಿಮ್ಮ ಮನಿ ಗಾಡಿ ನೆಟ್ಟಗಿರೋವಾಗನ ಕೀಲಿ ತಿರುವಿ, ಹಿಂದಿನ ಸೀಟಿನ್ಯಾಗ ಮಗಳನ್ನ ಕುಂದ್ರಿಸಿ, ಪಂಪಿನ ಸಪ್ಪಳ ಹೆಂಗ ಬರ್ತದ, ಯಾವ ಯಾವ ದೀಪ ಹತ್ತಿ ಆರ್ತಾವ ಅಂತ ಒಮ್ಮೆ ಕೇಳಿ, ನೋಡಿ ಇಟ್ಟಕೋರಿ. ಛಲೋ ಇದ್ದಾಗಿನ ಸಪ್ಪಳ ಗೊತ್ತಿದ್ರ ಕೆಟ್ಟಾಗಿನದು ತಾನೇ ಗೊತ್ತಾಗ್ತದ.